ವಿರಾಮ ಬೇರೆ, ನಿಲುಗಡೆ ಬೇರೆ

ಮನೆಯ ಮೂಲೆಯಲ್ಲೊಂದು ಮೇಜು. ಅದರ ಮೇಲೆ ಅಲ್ಯುಮಿನಿಯಂ ಚೌಕಟ್ಟು, ಮೂರು ದಿಕ್ಕಿನ ಚಲನೆಗೆ ಸ್ಟೆಪ್ಪರ್ ಮೋಟಾರುಗಳು, ನಡುವೆ ಗಿರ್ರನೆ ತಿರುಗುವ ಸ್ಪಿಂಡಲ್, ಪಕ್ಕದಲ್ಲಿ ಅಂಗೈಯಗಲದ ನಿಯಂತ್ರಕ ಫಲಕ. ಕಂಪ್ಯೂಟರಿನಲ್ಲಿ ಬಿಡಿಸಿದ ಚಿತ್ರವನ್ನು ಈ ಯಂತ್ರ ಹಲಗೆಯ ಮೇಲೆ ತಾನಾಗಿ ಕೊರೆಯುತ್ತದೆ. ಇದಕ್ಕೆ ಸಿಎನ್‌ಸಿ ಎಂದು ಹೆಸರು. 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ಇಂಥ ಯಂತ್ರವನ್ನು ಮೊದಲು ನಡೆಸಿ ತೋರಿಸಿದಾಗ ಅದರ ನಿಯಂತ್ರಕವೇ ದೊಡ್ಡ ಬೀರುಗಳನ್ನು ತುಂಬಿತ್ತು. ಇಂದು ಆರ್ಡುಯಿನೊ ಎಂಬ ಪುಟ್ಟ ಫಲಕ ಮತ್ತು 2009ರಲ್ಲಿ ಆರಂಭಗೊಂಡ ಜಿಆರ್‌ಬಿಎಲ್ ಎಂಬ ಉಚಿತ ತಂತ್ರಾಂಶ ಸೇರಿ ಆ ಕೆಲಸವನ್ನು ಮಾಡುತ್ತವೆ. ಪುಣೆ ಜಿಲ್ಲೆಯ ಪಾಬಳದ ವಿಜ್ಞಾನ ಆಶ್ರಮದಲ್ಲಿ 2002ರಷ್ಟು ಹಿಂದೆಯೇ ಫ್ಯಾಬ್ ಲ್ಯಾಬ್ ತೆರೆಯಿತು. 2016ರಿಂದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು ಆರರಿಂದ ಹನ್ನೆರಡನೆಯ ತರಗತಿಯ ಮಕ್ಕಳ ಕೈಗೆ ಇಂಥ ಉಪಕರಣಗಳನ್ನು ತಂದುಕೊಟ್ಟಿವೆ. ಶಾಲೆಯಲ್ಲಿ ಕಂಡದ್ದನ್ನು ಮನೆಯಲ್ಲಿ ಕಟ್ಟಿ ನೋಡುವ ಹಂಬಲ ಮಕ್ಕಳಿಗೆ ಹುಟ್ಟಿದರೆ ಅದು ಸಂತೋಷದ ಸಂಗತಿಯೇ.

ಆದರೆ ಕಟ್ಟುವ ಹುರುಪಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಹೆಚ್ಚಾಗಿ ಕಡೆಗೆ ಉಳಿಯುತ್ತದೆ. ಯಂತ್ರವನ್ನು ಓಡಿಸುವುದು ಹೇಗೆ ಎಂಬುದನ್ನು ಎಲ್ಲರೂ ಕಲಿಯುತ್ತಾರೆ. ಓಡುತ್ತಿರುವುದನ್ನು ನಿಲ್ಲಿಸುವುದು ಹೇಗೆ? ಇದಕ್ಕೆ ಎರಡು ಉತ್ತರಗಳಿವೆ, ಮತ್ತು ಅವೆರಡನ್ನು ಒಂದೆಂದು ಭಾವಿಸುವುದರಲ್ಲಿಯೇ ಅಪಾಯ ಅಡಗಿದೆ.

ಮೊದಲನೆಯದು ವಿರಾಮ. ಹಲಗೆ ಸರಿಯಾಗಿ ಕೂತಿದೆಯೇ, ಪುಡಿ ತುಂಬಿಕೊಂಡಿದೆಯೇ ಎಂದು ನೋಡಲು ಕೆಲಸವನ್ನು ನಡುವೆ ತಡೆಯಬೇಕಾಗುತ್ತದೆ. ಜಿಆರ್‌ಬಿಎಲ್‌ನಲ್ಲಿ ಇದಕ್ಕೆ ಫೀಡ್ ಹೋಲ್ಡ್ ಎನ್ನುತ್ತಾರೆ. ಕಂಪ್ಯೂಟರಿನಿಂದ ಒಂದು ಉದ್ಗಾರ ಚಿಹ್ನೆಯನ್ನು ಕಳುಹಿಸಿದರೂ ಆಯಿತು, ಫಲಕದ ಎ1 ಪಿನ್ನಿಗೆ ಜೋಡಿಸಿದ ಗುಂಡಿಯನ್ನು ಒತ್ತಿದರೂ ಆಯಿತು. ಯಂತ್ರ ಥಟ್ಟನೆ ನಿಲ್ಲುವುದಿಲ್ಲ. ವೇಗವನ್ನು ಕ್ರಮವಾಗಿ ತಗ್ಗಿಸಿಕೊಂಡು ನಿಲ್ಲುತ್ತದೆ. ಇದಕ್ಕೆ ಕಾರಣವಿದೆ. ಇಂಥ ಯಂತ್ರಗಳ ಸ್ಟೆಪ್ಪರ್ ಮೋಟಾರಿಗೆ ಸಾಮಾನ್ಯವಾಗಿ ಕಣ್ಣಿಲ್ಲ. ತಾನು ಎಲ್ಲಿದ್ದೇನೆಂಬುದನ್ನು ನಿಯಂತ್ರಕವು ಹೆಜ್ಜೆಗಳ ಎಣಿಕೆಯಿಂದಲೇ ಬಲ್ಲದು. ಓಟದ ನಡುವೆ ಒಮ್ಮೆಲೇ ತಡೆದರೆ ಎಣಿಕೆ ತಪ್ಪಬಹುದು. ನಿಧಾನವಾಗಿ ನಿಂತರೆ ಎಣಿಕೆ ಉಳಿಯುತ್ತದೆ, ಎ2 ಪಿನ್ನಿನ ಗುಂಡಿಯನ್ನು ಒತ್ತಿದೊಡನೆ ಕೆಲಸ ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಈ ವಿರಾಮದಲ್ಲೊಂದು ಮೋಸವಿದೆ. ಫೀಡ್ ಹೋಲ್ಡ್ ತಡೆಯುವುದು ಚೌಕಟ್ಟಿನ ಚಲನೆಯನ್ನು ಮಾತ್ರ. ಸಾಮಾನ್ಯ ಜೋಡಣೆಯಲ್ಲಿ ಸ್ಪಿಂಡಲ್ ತಿರುಗುತ್ತಲೇ ಇರುತ್ತದೆ. ಮರಗೆಲಸದ ರೌಟರನ್ನೇ ಸ್ಪಿಂಡಲ್ ಆಗಿ ಬಳಸಿದಲ್ಲಿ ನಿಮಿಷಕ್ಕೆ 24,000 ಸುತ್ತು ಅಪರೂಪವಲ್ಲ. ಎಂದರೆ ಒಂದು ಸೆಕೆಂಡಿಗೆ 400 ಸುತ್ತು. ಆ ವೇಗದಲ್ಲಿ ಸಣ್ಣ ಮೊನೆಯ ತಿರುಗುವಿಕೆ ಕಣ್ಣಿಗೆ ಕಾಣದು. ಯಂತ್ರ ಸುಮ್ಮನಾಯಿತೆಂದು ನಂಬಿ ಪುಡಿ ಗುಡಿಸಲು ಮಗು ಬೆರಳು ಚಾಚುವುದು ಇದೇ ಗಳಿಗೆಯಲ್ಲಿ. ವಿರಾಮವು ಕೆಲಸವನ್ನು ಕಾಪಾಡುವ ಉಪಾಯ. ಕೈಯನ್ನು ಕಾಪಾಡುವ ಉಪಾಯವಲ್ಲ.

ಕಂಪ್ಯೂಟರಿನ ಪರದೆಯ ಮೇಲಿರುವ ಗುಂಡಿಗಳನ್ನು ಇನ್ನೂ ಕಡಿಮೆ ನಂಬಬೇಕು. ಕೆಲವು ತಂತ್ರಾಂಶಗಳಲ್ಲಿ ವಿರಾಮವೆಂದರೆ ಮುಂದಿನ ಸಾಲುಗಳನ್ನು ಕಳುಹಿಸದಿರುವುದು ಅಷ್ಟೆ. ಅದಾಗಲೇ ಫಲಕ ಸೇರಿ ಸರದಿಯಲ್ಲಿ ಕಾದಿರುವ ಸಾಲುಗಳನ್ನು ಯಂತ್ರ ಪೂರೈಸಿಯೇ ನಿಲ್ಲುತ್ತದೆ. ಕಂಪ್ಯೂಟರ್ ತಡೆದುನಿಂತರೆ, ಯುಎಸ್‌ಬಿ ತಂತಿ ಸಡಿಲವಾದರೆ ಆ ಗುಂಡಿ ಬರಿಯ ಚಿತ್ರ. ಎ0 ಪಿನ್ನಿಗೆ ಜೋಡಿಸುವ ರೀಸೆಟ್ ಗುಂಡಿ ಇದಕ್ಕಿಂತ ಮೇಲು. ಆದರೂ ಅದು ಕೂಡ ತಂತ್ರಾಂಶಕ್ಕೆ ಮಾಡುವ ವಿನಂತಿಯೇ. ತಂತ್ರಾಂಶ ಕೇಳಿಸಿಕೊಳ್ಳಬೇಕು, ರಿಲೇ ಬಿಡಬೇಕು, ಆಗ ಸ್ಪಿಂಡಲ್ ನಿಂತೀತು. ರಿಲೇಯ ಸಂಪರ್ಕಗಳು ಬೆಸೆದುಕೊಂಡಿದ್ದರೆ ವಿನಂತಿ ವ್ಯರ್ಥ.

ಎರಡನೆಯ ಉತ್ತರವೇ ತುರ್ತು ನಿಲುಗಡೆ. ಇದು ಯಾರನ್ನೂ ಕೇಳುವುದಿಲ್ಲ. ಅಪಾಯವನ್ನುಂಟುಮಾಡುವ ವಿದ್ಯುತ್ತನ್ನೇ ತಂತಿಯ ಮಟ್ಟದಲ್ಲಿ ಕಡಿದುಹಾಕುತ್ತದೆ. ಐಇಸಿ 60204-1 ಎಂಬ ಅಂತರರಾಷ್ಟ್ರೀಯ ಮಾನಕವು ನಿಲುಗಡೆಯನ್ನು ಮೂರು ಬಗೆಯಾಗಿ ವಿಂಗಡಿಸಿದೆ. ಕೂಡಲೇ ವಿದ್ಯುತ್ ಕಡಿಯುವುದು ಸೊನ್ನೆಯ ವರ್ಗ. ಹತೋಟಿಯಲ್ಲಿ ನಿಲ್ಲಿಸಿ ಆಮೇಲೆ ಕಡಿಯುವುದು ಒಂದನೆಯ ವರ್ಗ. ನಿಲ್ಲಿಸಿದ ಮೇಲೂ ವಿದ್ಯುತ್ತನ್ನು ಉಳಿಸಿಕೊಳ್ಳುವುದು ಎರಡನೆಯ ವರ್ಗ. ತುರ್ತು ನಿಲುಗಡೆಗೆ ಮೊದಲಿನ ಎರಡು ಮಾತ್ರ ಸಲ್ಲುತ್ತವೆ. ಯಂತ್ರಕ್ಕೆ ವಿದ್ಯುತ್ ಉಳಿಸಿಕೊಂಡೇ ನಿಲ್ಲುವ ಫೀಡ್ ಹೋಲ್ಡ್ ಆ ಸಾಲಿಗೆ ಸೇರುವುದಿಲ್ಲ.

ಇಲ್ಲಿ ಸೊಲ್ಲಾಪುರದ ನೇಕಾರ ಮನೆತನಗಳಿಗೆ ಚಿರಪರಿಚಿತವಾದ ಒಂದು ತತ್ತ್ವ ನೆರವಿಗೆ ಬರುತ್ತದೆ. ವಿದ್ಯುತ್ ಮಗ್ಗದಲ್ಲಿ ಲಾಳಿ ಹಾದುಹೋದಾಗಲೆಲ್ಲ ಹೊಕ್ಕಿನ ನೂಲು ಒಂದು ಪುಟ್ಟ ಕವಲುಕಡ್ಡಿಯನ್ನು ತಳ್ಳುತ್ತದೆ. ನೂಲು ಹರಿದಿದ್ದರೆ ತಳ್ಳುವವರಿಲ್ಲ, ಮಗ್ಗ ನಿಲ್ಲುತ್ತದೆ. ನೂಲು ಇದ್ದರೆ ಮಾತ್ರ ನಡೆಯಬೇಕು, ಇಲ್ಲವಾದರೆ ನಿಲ್ಲಬೇಕು ಎಂಬುದೇ ಅದರ ನೇಮ. ತುರ್ತು ನಿಲುಗಡೆಯ ಗುಂಡಿಗೂ ಇದೇ ನೇಮ. ಅದರ ಸಂಪರ್ಕ ಸದಾ ಕೂಡಿಕೊಂಡಿರುತ್ತದೆ, ಒತ್ತಿದಾಗ ಬಿಡಿಸಿಕೊಳ್ಳುತ್ತದೆ. ಇಲಿ ತಂತಿ ಕಡಿದರೂ, ತಿರುಪು ಸಡಿಲಾದರೂ ಯಂತ್ರ ನಿಲ್ಲುತ್ತದೆ. ಜಿಆರ್‌ಬಿಎಲ್ ಫಲಕದ ಗುಂಡಿಗಳ ಸಹಜ ಜೋಡಣೆ ಇದಕ್ಕೆ ತಿರುಗುಮುರುಗು: ಒತ್ತಿದಾಗ ಕೂಡಿಕೊಳ್ಳುತ್ತವೆ. ಅಲ್ಲಿ ತಂತಿ ಹರಿದಿದ್ದರೆ ಯಂತ್ರ ಎಂದಿನಂತೆ ಓಡುತ್ತದೆ. ಗುಂಡಿ ಸತ್ತಿದೆಯೆಂದು ತಿಳಿಯುವುದು ಅದು ಬೇಕಾದ ದಿನವೇ.

ಜೋಡಣೆಯ ಕ್ರಮ ಕಠಿಣವಲ್ಲ. ಸ್ಪಿಂಡಲ್ಲಿಗೂ ಮೋಟಾರು ಚಾಲಕಗಳಿಗೂ ಹೋಗುವ ಮುಖ್ಯ ವಿದ್ಯುತ್ತು ಒಂದು ಕಂಟ್ಯಾಕ್ಟರಿನ ಮೂಲಕ ಹಾಯಬೇಕು. ಆರಂಭದ ಗುಂಡಿ ಒತ್ತಿದಾಗ ಕಂಟ್ಯಾಕ್ಟರ್ ಹಿಡಿದುಕೊಂಡು, ತನ್ನದೇ ಸಂಪರ್ಕದಿಂದ ತನ್ನನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರ ಸುರುಳಿಯ ದಾರಿಯಲ್ಲಿ ತುರ್ತು ಗುಂಡಿ ಇದ್ದರೆ ಒತ್ತಿದೊಡನೆ ಎಲ್ಲವೂ ಬಿಡುತ್ತದೆ. ಇದರಿಂದ ಇನ್ನೊಂದು ಲಾಭವಿದೆ. ಕರೆಂಟು ಹೋಗಿ ಮರಳಿ ಬಂದಾಗ ಸ್ಪಿಂಡಲ್ ತಾನಾಗಿ ತಿರುಗತೊಡಗುವುದಿಲ್ಲ. ಯಾರಾದರೂ ಮತ್ತೆ ಗುಂಡಿ ಒತ್ತಲೇಬೇಕು. ಹೊತ್ತುಗೊತ್ತಿಲ್ಲದೆ ಕರೆಂಟು ಹೋಗುವ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಚಾಲಕಕ್ಕೆ ಬರುವ ವಿದ್ಯುತ್ತನ್ನು ಕಡಿಯಬೇಕೇ ಹೊರತು ಚಾಲಕ ಮತ್ತು ಮೋಟಾರಿನ ನಡುವಣ ತಂತಿಯನ್ನಲ್ಲ; ಹಾಗೆ ಕಡಿದರೆ ಚಾಲಕ ಸುಟ್ಟುಹೋದೀತು. 230 ವೋಲ್ಟಿನ ಈ ಭಾಗವನ್ನು ಮಕ್ಕಳಿಗೆ ಬಿಡದೆ ಬಲ್ಲ ಎಲೆಕ್ಟ್ರಿಷಿಯನ್ನನಿಂದ ಮಾಡಿಸುವುದು ಪಾಲಕರ ಹೊಣೆ.

ಈ ಗುಂಡಿಯೂ ಮಂತ್ರದಂಡವಲ್ಲ. ವಿದ್ಯುತ್ ಕಡಿದ ಮೇಲೂ ಸ್ಪಿಂಡಲ್ ತನ್ನ ವೇಗದ ಬಲದಿಂದ ಕೆಲ ಹೊತ್ತು ತಿರುಗುತ್ತದೆ. ಕೆಪಾಸಿಟರುಗಳಲ್ಲಿ ಉಳಿದ ವಿದ್ಯುತ್ತು ಕ್ಷಣಕಾಲ ಮೋಟಾರುಗಳನ್ನು ನಡೆಸೀತು. ಭಾರವಾದ ಸ್ಪಿಂಡಲ್ ಆಗಿದ್ದರೆ ಹಿಡಿತ ತಪ್ಪಿ ಕೆಳಗಿಳಿಯಲೂಬಹುದು. ಆದ್ದರಿಂದ ಮುಚ್ಚಳ, ಕನ್ನಡಕ, ದೂರ ನಿಲ್ಲುವ ಶಿಸ್ತು ಇವುಗಳನ್ನು ಗುಂಡಿ ಬಂದಿತೆಂದು ಕೈಬಿಡುವಂತಿಲ್ಲ.

ಗುಂಡಿಯ ರೂಪಕ್ಕೂ ನಿಯಮವುಂಟು. ಅಣಬೆಯಂಥ ಕೆಂಪು ತಲೆ, ಹಿಂದೆ ಹಳದಿ ಹಿನ್ನೆಲೆ. ಒತ್ತಿದರೆ ಅದು ಒಳಗೇ ಕಚ್ಚಿಕೊಳ್ಳಬೇಕು. ತಿರುಗಿಸಿ ಬಿಡಿಸಿದಾಗ ಯಂತ್ರ ತಾನಾಗಿ ಹೊರಡಕೂಡದು. ಕತ್ತರಿಸುವ ಮೊನೆಯನ್ನು ದಾಟದೆ ಕೈಗೆ ಎಟಕುವಂತೆ ಮೇಜಿನ ಮುಂಬದಿಯಲ್ಲಿರಬೇಕು. ವಿರಾಮದ ಗುಂಡಿಗೆ ಕೆಂಪು ಬಳಿಯಬಾರದು. ಗಾಬರಿಯಲ್ಲಿ ಕೈ ಆರಿಸಿಕೊಳ್ಳುವುದು ಬಣ್ಣವನ್ನು, ಬರಹವನ್ನಲ್ಲ.

ಆದರೂ ಬರಹದ ಮಾತನ್ನು ಆಡಲೇಬೇಕು. ಮಾರುಕಟ್ಟೆಯಿಂದ ಬರುವ ಫಲಕಗಳ ಮೇಲೆ ಹೋಲ್ಡ್, ರೀಸೆಟ್, ಅಬಾರ್ಟ್ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ಕಟ್ಟಿದ ಹುಡುಗನಿಗೆ ಅವು ಗೊತ್ತು. ಆದರೆ ಅಪಾಯದ ಹೊತ್ತಿನಲ್ಲಿ ಅವನ ಕೈ ಬಿಡುವಿರಲಾರದು. ಗುಂಡಿ ಒತ್ತಬೇಕಾದವರು ಪಕ್ಕದ ಕೋಣೆಯ ತಾಯಿ, ಪಡಸಾಲೆಯಲ್ಲಿ ಕೂತ ಅಜ್ಜ, ಆಟಕ್ಕೆ ಬಂದ ತಂಗಿ. ಆದ್ದರಿಂದ ಒಂದರ ಕೆಳಗೆ ‘ವಿರಾಮ: ಮೊನೆ ತಿರುಗುತ್ತಿದೆ’ ಎಂದೂ ಇನ್ನೊಂದರ ಕೆಳಗೆ ‘ನಿಲ್ಲಿಸು’ ಎಂದೂ ದಪ್ಪಕ್ಷರದಲ್ಲಿ ಕನ್ನಡದಲ್ಲಿ ಬರೆದು ಅಂಟಿಸಬೇಕು. ಮನೆಯ ಪ್ರತಿಯೊಬ್ಬರಿಂದ ಒಮ್ಮೆಯಾದರೂ ಕೆಂಪು ಗುಂಡಿಯನ್ನು ಒತ್ತಿಸಬೇಕು.

ಪರೀಕ್ಷೆ ಸುಲಭ. ಮೊನೆ ತೆಗೆದು, ಹಲಗೆ ಇಡದೆ ಯಂತ್ರವನ್ನು ಓಡಿಸಿ ಗುಂಡಿ ಒತ್ತಬೇಕು. ಚೌಕಟ್ಟು, ಸ್ಪಿಂಡಲ್ ಎರಡೂ ನಿಲ್ಲಬೇಕು. ಗುಂಡಿ ಬಿಡಿಸಿದಾಗ ಏನೂ ಕದಲಬಾರದು. ಪ್ಲಗ್ಗು ತೆಗೆದು, ಗುಂಡಿಯ ಒಂದು ತಂತಿಯನ್ನು ಕಳಚಿ, ಅದರ ತುದಿಗೆ ಟೇಪು ಸುತ್ತಿ, ಮತ್ತೆ ಪ್ಲಗ್ಗು ಹಾಕಿದರೆ ಯಂತ್ರ ಹೊರಡಲೇಬಾರದು. ಹೊರಟಿತೆಂದರೆ ಜೋಡಣೆ ತಪ್ಪಿದೆ. ತಂತಿಯ ಈ ಪರೀಕ್ಷೆಯನ್ನು ಜೋಡಣೆ ಮಾಡಿದ ಎಲೆಕ್ಟ್ರಿಷಿಯನ್ನನೇ ಮಾಡಿ ತೋರಿಸಲಿ. ಗುಂಡಿ ಒತ್ತುವ ಪರೀಕ್ಷೆ ಪ್ರತಿದಿನದ ಕೆಲಸಕ್ಕೆ ಮುನ್ನ ನಡೆಯಲಿ.

ಕಡೆಯದಾಗಿ, ಗುಂಡಿ ಒತ್ತಲು ಮಕ್ಕಳು ಹಿಂಜರಿಯುವುದಕ್ಕೆ ಒಂದು ಕಾರಣವಿದೆ. ತುರ್ತು ನಿಲುಗಡೆಯ ನಂತರ ಹೆಜ್ಜೆಯ ಎಣಿಕೆಯನ್ನು ನಂಬುವಂತಿಲ್ಲ. ಯಂತ್ರವನ್ನು ಮೂಲಸ್ಥಾನಕ್ಕೆ ಒಯ್ದು ಮೊದಲಿನಿಂದ ಹೊಂದಿಸಬೇಕು. ಎರಡು ಗಂಟೆಯ ಕೆತ್ತನೆ ಕೆಡಬಹುದು. ಆಗ ಹಲಗೆ ಹಾಳಾಯಿತೆಂದು ಗದರುವ ಮನೆಯಲ್ಲಿ ಮಗು ಮುಂದಿನ ಸಲ ಒತ್ತುವ ಮೊದಲು ಒಂದು ಕ್ಷಣ ಯೋಚಿಸುತ್ತದೆ. ಆ ಕ್ಷಣದಲ್ಲಿ ಸ್ಪಿಂಡಲ್ 400 ಸುತ್ತು ತಿರುಗಿರುತ್ತದೆ. ಕೆಟ್ಟ ಹಲಗೆಗೆ ಬದಲಾಗಿ ಇನ್ನೊಂದು ಹಲಗೆ ಸಿಗುತ್ತದೆ ಎಂಬ ಮಾತನ್ನು ಯಂತ್ರ ಮನೆಗೆ ಬಂದ ದಿನವೇ ಪಾಲಕರು ಹೇಳಿಬಿಡುವುದು ಒಳಿತು.