ಮಹಡಿಗೆ ಇನ್ನೊಂದು ಡಿ.ಬಿ.

ಮನೆಯ ಮೇಲೆ ಎರಡು ಕೋಣೆ ಕಟ್ಟಿಸುವಾಗ ಬಣ್ಣ, ಕಿಟಕಿ, ನೆಲಹಾಸುಗಳ ಬಗ್ಗೆ ವಾರಗಟ್ಟಲೆ ಚರ್ಚೆ ನಡೆಯುತ್ತದೆ. ವೈರಿಂಗ್ ವಿಚಾರ ಮಾತ್ರ ‘ಕೆಳಗಿನ ಬೋರ್ಡಿನಿಂದ ಒಂದು ಲೈನು ಎಳೆದರಾಯಿತು’ ಎಂಬ ಒಂದೇ ಮಾತಿನಲ್ಲಿ ಮುಗಿದುಬಿಡುತ್ತದೆ. ಹಳೆಯ ಡಿಸ್ಟ್ರಿಬ್ಯೂಷನ್ ಬೋರ್ಡಿನಲ್ಲಿ ಜಾಗವಿಲ್ಲದಿದ್ದರೆ ಮಹಡಿಗೆಂದೇ ಇನ್ನೊಂದು ಡಿ.ಬಿ. ಕೂರಿಸುತ್ತಾರೆ. ಪದ್ಧತಿ ಒಳ್ಳೆಯದೇ. ಆದರೆ ಅದರ ಹಿಂದಿನ ವಿಜ್ಞಾನ ಅರಿಯದಿದ್ದರೆ ಅದೇ ಅಪಾಯಕ್ಕೆ ದಾರಿಯಾದೀತು.

ಕೆರೆಗೆ ಇನ್ನೊಂದು ತೂಬು ಇಟ್ಟರೆ ಕೆರೆಯ ನೀರು ಹೆಚ್ಚುವುದಿಲ್ಲ. ಹಾಗೆಯೇ ಎರಡನೆಯ ಡಿ.ಬಿ. ಬಂದ ಮಾತ್ರಕ್ಕೆ ಮನೆಗೆ ಹೆಚ್ಚು ವಿದ್ಯುತ್ ಬರುವುದಿಲ್ಲ. ಕಂಬದಿಂದ ಮೀಟರಿಗೆ, ಮೀಟರಿನಿಂದ ಮೇನ್ ಸ್ವಿಚ್ಚಿಗೆ ಬರುವ ತಂತಿ ಹಳೆಯದೇ. ಹೊಸ ಕೋಣೆಗಳ ಹೊರೆಯೂ ಅದರ ಮೇಲೆಯೇ ಬೀಳುತ್ತದೆ.

ಹೊರೆ ಎಷ್ಟು? ಮಹಡಿಯಲ್ಲಿ 2000 ವಾಟ್‌ನ ಗೀಸರ್, 1600 ವಾಟ್‌ನ ಎ.ಸಿ., 1000 ವಾಟ್‌ನ ಇಸ್ತ್ರಿ ಪೆಟ್ಟಿಗೆ ಒಟ್ಟಿಗೆ ನಡೆಯುತ್ತಿವೆ ಎನ್ನೋಣ. ಒಟ್ಟು 4600 ವಾಟ್. ಇದನ್ನು 230 ವೋಲ್ಟ್‌ನಿಂದ ಭಾಗಿಸಿದರೆ ಸುಮಾರು 20 ಆಂಪಿಯರ್. ಎರಡು ಬೋರ್ಡುಗಳ ನಡುವಿನ ದೂರ 15 ಮೀಟರ್ ಆದರೆ, ಫೇಸ್ ಮತ್ತು ನ್ಯೂಟ್ರಲ್ ಸೇರಿ ತಂತಿಯ ಉದ್ದ 30 ಮೀಟರ್. 2.5 ಚದರ ಮಿಲಿಮೀಟರ್ ದಪ್ಪದ ಅಷ್ಟುದ್ದ ತಾಮ್ರದ ತಂತಿಯ ರೋಧ ಸುಮಾರು 0.22 ಓಮ್. ಶಾಲೆಯಲ್ಲಿ ಕಲಿತ ಜೌಲ್ ನಿಯಮದಂತೆ ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿ: 20 × 20 × 0.22 = 88 ವಾಟ್. ಗೋಡೆಯೊಳಗಿನ ಪೈಪಿನಲ್ಲಿ ಇಷ್ಟು ಶಾಖ ಹುಟ್ಟುತ್ತಲೇ ಇರುತ್ತದೆ. ಅದೇ 6 ಚದರ ಮಿಲಿಮೀಟರ್ ತಂತಿಯಾದರೆ ಸುಮಾರು 37 ವಾಟ್ ಅಷ್ಟೆ. ಪ್ರವಾಹ ಇಮ್ಮಡಿಯಾದರೆ ಶಾಖ ನಾಲ್ಕು ಮಡಿಯಾಗುತ್ತದೆ ಎಂಬುದನ್ನೂ ಮರೆಯಬಾರದು.

ಈ ನಡುವಿನ ತಂತಿಯನ್ನು ಕಾಯುವವರು ಯಾರು? ಮಹಡಿಯ ಡಿ.ಬಿ.ಯಲ್ಲಿರುವ ಎಂ.ಸಿ.ಬಿ.ಗಳು ತಮ್ಮ ಮುಂದಿನ ತಂತಿಗಳನ್ನು ಕಾಯುತ್ತವೆ. ನಡುವಿನ ತಂತಿಗೆ ಅದು ಹೊರಡುವ ಕೆಳಗಿನ ತುದಿಯಲ್ಲೇ ಒಂದು ಎಂ.ಸಿ.ಬಿ. ಬೇಕು. ಅದರ ಆಂಪಿಯರ್ ಅಂಕಿ ತಂತಿಯ ತಾಳಿಕೆಯನ್ನು ಮೀರಬಾರದು. ಎಂ.ಸಿ.ಬಿ. ಪದೇ ಪದೇ ಬೀಳುತ್ತದೆಂದು ದೊಡ್ಡ ಅಂಕಿಯದನ್ನು ಹಾಕಿಸುವುದೆಂದರೆ, ಬೊಗಳುವ ನಾಯಿಯ ಬಾಯಿ ಕಟ್ಟಿ ನಿದ್ದೆ ಮಾಡಿದಂತೆ.

ಇನ್ನು ಆರ್.ಸಿ.ಸಿ.ಬಿ. ಫೇಸ್‌ನಲ್ಲಿ ಹೋದಷ್ಟೇ ಪ್ರವಾಹ ನ್ಯೂಟ್ರಲ್‌ನಲ್ಲಿ ಮರಳಿತೇ ಎಂದು ಇದು ನೋಡುತ್ತಿರುತ್ತದೆ. ಕಡಿಮೆ ಬಂದರೆ ಉಳಿದದ್ದು ಯಾರದೋ ಮೈಮೂಲಕ ನೆಲಕ್ಕೆ ಹರಿಯುತ್ತಿರಬಹುದು. ಮನೆಗಳಲ್ಲಿ ಬಳಸುವ 30 ಮಿಲಿಆಂಪಿಯರ್‌ನ ಸಾಧನ ಅಂಥ ಹೊತ್ತಿನಲ್ಲಿ ಕಣ್ಣೆವೆ ಇಕ್ಕುವುದರೊಳಗೆ ವಿದ್ಯುತ್ ಕಡಿಯುತ್ತದೆ. ಮಹಡಿಯ ನ್ಯೂಟ್ರಲ್ಲನ್ನು ಕೆಳಮನೆಯ ನ್ಯೂಟ್ರಲ್ಲಿಗೆ ಎಲ್ಲೋ ನಡುವೆ ಗಂಟುಹಾಕಿದ್ದರೆ ಈ ಲೆಕ್ಕ ತಪ್ಪುತ್ತದೆ. ಆಗ ಕಾರಣವಿಲ್ಲದೆ ಕರೆಂಟು ಹೋಗುತ್ತದೆ. ಬೇಸತ್ತವರು ಆರ್.ಸಿ.ಸಿ.ಬಿ.ಯನ್ನೇ ತೆಗೆಸುತ್ತಾರೆ. ಕಾವಲು ಅಲ್ಲಿಗೆ ಮುಗಿಯಿತು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಮೆಟ್ಟಿಲಿನ ದೀಪದಲ್ಲಿ. ಕೆಳಗೊಂದು, ಮೇಲೊಂದು ಸ್ವಿಚ್ ಇರುವ ಈ ದೀಪದ ಫೇಸ್ ಮತ್ತು ನ್ಯೂಟ್ರಲ್ ಎರಡೂ ಒಂದೇ ಡಿ.ಬಿ.ಯಿಂದ ಬರಬೇಕು. ತಂತಿ ಉಳಿಸಲು ಫೇಸನ್ನು ಕೆಳಗಿನಿಂದ, ನ್ಯೂಟ್ರಲ್ಲನ್ನು ಮೇಲಿನಿಂದ ಕೊಟ್ಟಿದ್ದರೆ, ಮಹಡಿಯ ಡಿ.ಬಿ. ಆರಿಸಿ ಸ್ವಿಚ್ ಬಿಚ್ಚಿದವನ ಕೈಗೆ ಕೆಳಗಿನ ಡಿ.ಬಿ.ಯ ಫೇಸ್ ತಗಲುತ್ತದೆ. ದೀಪ ಆರಿದೆ ಎಂದರೆ ತಂತಿ ಸತ್ತಿದೆ ಎಂದಲ್ಲ.

ಹೊಸ ಡಿ.ಬಿ.ಗೆ ಅರ್ಥ್ ತಂತಿಯೂ ಜೊತೆಯಲ್ಲೇ ಹೋಗಬೇಕು. ಒಳಗಿನ ಪ್ರತಿಯೊಂದು ಎಂ.ಸಿ.ಬಿ.ಯ ಕೆಳಗೆ ಅದು ಯಾವ ಕೋಣೆಯದೆಂದು ಬರೆದಿರಬೇಕು. ಕೆಲಸವನ್ನು ಪರವಾನಗಿ ಪಡೆದ ಗುತ್ತಿಗೆದಾರರಿಂದಲೇ ಮಾಡಿಸಬೇಕು. ಮಕ್ಕಳು ಬೋರ್ಡಿಗೆ ಕೈಹಾಕಬಾರದು. ಅವರು ಮಾಡಬಹುದಾದ ಕೆಲಸ ಬೇರೆಯಿದೆ. ಮನೆಯ ಉಪಕರಣಗಳ ಮೇಲೆ ಬರೆದಿರುವ ವಾಟ್‌ಗಳನ್ನು ಪಟ್ಟಿಮಾಡಿ ಕೂಡಿಸಲಿ. ವಿದ್ಯುತ್ ಬಿಲ್ಲಿನಲ್ಲಿ ಮುದ್ರಿತವಾಗಿರುವ ಮಂಜೂರಾದ ಲೋಡಿನೊಂದಿಗೆ ಹೋಲಿಸಲಿ. ಒಟ್ಟಿಗೆ ನಡೆಯುವ ಉಪಕರಣಗಳ ಮೊತ್ತವೇ ಅದನ್ನು ಮೀರುವಂತಿದ್ದರೆ, ಡಿ.ಬಿ. ಕೊಳ್ಳುವ ಮೊದಲು ತಂದೆ ತಾಯಿ ಹೋಗಬೇಕಾದದ್ದು ಅಂಗಡಿಗಲ್ಲ, ಹೆಚ್ಚಿನ ಲೋಡಿಗೆ ಅರ್ಜಿ ಹಿಡಿದು ವಿದ್ಯುತ್ ಕಂಪನಿಯ ಕಚೇರಿಗೆ.