ನಾನು ದುಡಿಯುತ್ತೇನೆ ಎಂದು ಬರೆದುಕೊಡುವವರು ಯಾರು?

ಗೆ,
ಕೇಂದ್ರ ಮತ್ತು ರಾಜ್ಯ ಸರ್ಕಾರಗಳಲ್ಲಿ ಈ ಪತ್ರ ಯಾರ ಮೇಜಿಗೆ ಬರುತ್ತದೋ ಅವರಿಗೆ

ವಿಷಯ: ಸ್ವತಂತ್ರವಾಗಿ ದುಡಿಯುವವರಿಗೆ ಹೊರದೇಶದ ದೀರ್ಘಾವಧಿ ವೀಸಾಕ್ಕೆ ಬೇಕಾದ ದಾಖಲೆಗಳು ಸಿಗದಿರುವ ಕುರಿತು

ಮಾನ್ಯರೇ,

ನಾನು ಶಿವಮೊಗ್ಗದವನು. ಮನೆಯಲ್ಲೇ ಕೂತು ಹೊರದೇಶದ ಕಂಪನಿಗಳಿಗೆ ಸಾಫ್ಟ್‌ವೇರ್ ಬರೆದುಕೊಟ್ಟು ಜೀವನ ಮಾಡುವ ಫ್ರೀಲಾನ್ಸರ್. ಇದೇ ಕೆಲಸವನ್ನು ಒಂದು ವರ್ಷ ಸ್ಪೇನಿನಲ್ಲಿದ್ದು ಮಾಡೋಣವೆಂದು ಅಲ್ಲಿನ ರಿಮೋಟ್ ವರ್ಕ್ ವೀಸಾಕ್ಕೆ ಕಾಗದಪತ್ರ ಹೊಂದಿಸಲು ಹೊರಟೆ. ಆ ಓಡಾಟದಲ್ಲಿ ಕಂಡದ್ದನ್ನು ತಮ್ಮ ಗಮನಕ್ಕೆ ತರಬೇಕಾಗಿದೆ.

ಸ್ಪೇನಿನ ಮೇಲೆ ನನ್ನ ದೂರಿಲ್ಲ. 2022ರ ಡಿಸೆಂಬರಿನಲ್ಲಿ ಅವರು ತಂದ 28/2022 ಸಂಖ್ಯೆಯ ಸ್ಟಾರ್ಟ್‌ಅಪ್ ಕಾನೂನಿನಲ್ಲಿ ಈ ವೀಸಾ ಇದೆ, ಷರತ್ತುಗಳೂ ನೇರವಾಗಿವೆ. ಅಲ್ಲಿನ ಕನಿಷ್ಠ ವೇತನದ ಎರಡು ಪಟ್ಟು ವರಮಾನ ಇರಬೇಕು. 2025ರ ಲೆಕ್ಕದಲ್ಲಿ ಅದು ತಿಂಗಳಿಗೆ ಸುಮಾರು 2,760 ಯೂರೋ, ಅಂದರೆ ವರ್ಷಕ್ಕೆ 33,000 ಯೂರೋ ಆಸುಪಾಸು; ನಮ್ಮ ದುಡ್ಡಿನಲ್ಲಿ 30 ಲಕ್ಷ ದಾಟುತ್ತದೆ. ಪದವಿ ಇರಬೇಕು, ಇಲ್ಲವೇ ಮೂರು ವರ್ಷದ ಅನುಭವ. ಕ್ಲೈಂಟ್ ಜತೆ ಕನಿಷ್ಠ ಮೂರು ತಿಂಗಳಿಂದ ವ್ಯವಹಾರ ಇರಬೇಕು, ಆ ಕಂಪನಿ ಶುರುವಾಗಿ ಒಂದು ವರ್ಷವಾದರೂ ಆಗಿರಬೇಕು. ಫ್ರೀಲಾನ್ಸರಾದವನು ಒಟ್ಟು ಕೆಲಸದಲ್ಲಿ ಶೇ 20ರಷ್ಟನ್ನು ಸ್ಪೇನಿನ ಕಂಪನಿಗಳಿಗೂ ಮಾಡಿಕೊಡಬಹುದು. ಇಷ್ಟನ್ನು ಓದಿದಾಗ ಖುಷಿಯೇ ಆಯಿತು. ನಮ್ಮಂಥವರು ಇದ್ದೇವೆಂದು ಗೊತ್ತಿದ್ದು ಬರೆದ ಕಾನೂನು ಅದು.

ತೊಡಕು ಶುರುವಾದದ್ದು ನಮ್ಮ ಕಡೆ. ಅರ್ಜಿ ತೆಗೆದುಕೊಳ್ಳುವ ಕೇಂದ್ರದ ಕೌಂಟರಿನಲ್ಲಿದ್ದ ಹುಡುಗಿ ತನ್ನ ಪಟ್ಟಿ ಹಿಡಿದು ಕೇಳುತ್ತಾ ಹೋದಳು.

"ಸರ್, ಕಂಪನಿ ಲೆಟರ್?"

"ಕಂಪನಿ ಇಲ್ಲಮ್ಮ, ನಾನೊಬ್ಬನೇ."

"ಸ್ಯಾಲರಿ ಸ್ಲಿಪ್?"

"ಸಂಬಳ ಇಲ್ಲ. ಇನ್‌ವಾಯ್ಸ್ ಇದೆ."

"ಫಾರಂ 16?"

"ಅದೂ ಇಲ್ಲ."

"ಮತ್ತೆ ನೀವು ಕೆಲಸ ಮಾಡ್ತೀರಿ ಅಂತ ಯಾರು ಬರೆದುಕೊಡ್ತಾರೆ ಸರ್?"

ಆಕೆಯ ಮೇಲೆ ಸಿಟ್ಟು ಬರಲಿಲ್ಲ. ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ಅದನ್ನೇ ನಾನೀಗ ತಮಗೆ ದಾಟಿಸುತ್ತಿದ್ದೇನೆ.

ತೆರಿಗೆ ಕಟ್ಟಿಸಿಕೊಳ್ಳುವಾಗ ಈ ಪ್ರಶ್ನೆ ಯಾರಿಗೂ ಏಳುವುದಿಲ್ಲ. ರಾಜ್ಯ ಸರ್ಕಾರ 1976ರ ಕಾಯ್ದೆಯಡಿ ನನ್ನಿಂದ ವರ್ಷಕ್ಕೆ 2,500 ರೂಪಾಯಿ ವೃತ್ತಿ ತೆರಿಗೆ ಪಡೆಯುತ್ತದೆ. ವೃತ್ತಿ ಇದೆ ಎಂದು ಒಪ್ಪಿಕೊಂಡೇ ಪಡೆಯುವ ತೆರಿಗೆ! ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಆಗಲೇಬೇಕು. ಬಾಡಿಗೆ ಮನೆಯಲ್ಲಿ ಇರುವವನಾದರೆ ಅದಕ್ಕೆ ಮನೆ ಓನರ್ ಒಪ್ಪಿಗೆ ಪತ್ರ ಕೊಡಬೇಕು, ಅವರನ್ನು ಒಪ್ಪಿಸುವುದೇ ಬೇರೆ ಕಥೆ. ಸೇವೆಯ ರಫ್ತಿಗೆ ತೆರಿಗೆ ಸೊನ್ನೆ, ಆದರೂ ಪ್ರತಿ ಹಣಕಾಸು ವರ್ಷವೂ ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಬೇಕು. ಹೊರಗಿನಿಂದ ಬರುವ ಹಣಕ್ಕೆ ಬ್ಯಾಂಕು ಅದು ಯಾವ ಕೆಲಸದ್ದೆಂದು ಕೋಡ್ ಹಾಕಿಯೇ ಜಮೆ ಮಾಡುತ್ತದೆ. ಸಾಫ್ಟ್‌ವೇರ್ ಸಲಹೆಗೆ ಪಿ0802. ಹೀಗೆ ನಾನು ಏನು ಮಾಡುತ್ತೇನೆ, ಯಾರಿಗೆ ಮಾಡುತ್ತೇನೆ, ಎಷ್ಟು ಬರುತ್ತದೆ ಎಂಬುದು ಸರ್ಕಾರಕ್ಕೆ ನನ್ನ ಹೆಂಡತಿಗಿಂತ ಚೆನ್ನಾಗಿ ಗೊತ್ತು. ಆದರೆ ಆ ಗೊತ್ತಿರುವುದನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ ಕೊಡುವ ಕಚೇರಿ ಒಂದೂ ಇಲ್ಲ.

ಆದಾಯ ತೆರಿಗೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಹೆಚ್ಚಿನವರು ಮುಗ್ಗರಿಸುವುದು ಅಲ್ಲೇ. 1961ರ ಕಾಯ್ದೆಯ 44ಎಡಿಎ ಕಲಮಿನಿಂದ ಬಂದ ನಿಯಮದಂತೆ ತಾಂತ್ರಿಕ ಸಲಹೆಯಂಥ ವೃತ್ತಿಯವರು ಬಂದ ಹಣದಲ್ಲಿ ಕನಿಷ್ಠ ಅರ್ಧವನ್ನು ಆದಾಯವೆಂದು ತೋರಿಸಿ ತೆರಿಗೆ ಕಟ್ಟಿದರೆ ಸಾಕು, ಲೆಕ್ಕದ ಪುಸ್ತಕ ಇಡಬೇಕಿಲ್ಲ. 50 ಲಕ್ಷವಿದ್ದ ಮಿತಿಯನ್ನು 2023ರ ಬಜೆಟ್ಟಿನಲ್ಲಿ, ನಗದು ವ್ಯವಹಾರ ಶೇ 5 ಮೀರದವರಿಗೆ, 75 ಲಕ್ಷಕ್ಕೆ ಏರಿಸಿದರು. ಸಣ್ಣವರಿಗೆ ದೊಡ್ಡ ಅನುಕೂಲ, ಅದನ್ನು ಕೊಟ್ಟವರಿಗೆ ಕೃತಜ್ಞತೆ ಸಲ್ಲಬೇಕು. ಈಗ ಒಬ್ಬನಿಗೆ ವರ್ಷಕ್ಕೆ 40 ಲಕ್ಷ ಬಂದಿದೆ ಎನ್ನಿ. ಸ್ಪೇನಿನ ಮಿತಿಯನ್ನು ಅವನು ಸಲೀಸಾಗಿ ದಾಟುತ್ತಾನೆ. ಆದರೆ ಎಲ್ಲರೂ ಕೇಳುವ ಐಟಿಆರ್ ಸ್ವೀಕೃತಿ ಪತ್ರದಲ್ಲಿ ಕಾಣುವುದು ಒಟ್ಟು ಆದಾಯ 20 ಲಕ್ಷ ಎಂದು. ಬಂದ ಪೂರ್ತಿ ಮೊತ್ತ ರಿಟರ್ನಿನ ಒಳಪುಟದ ಒಂದು ಕೋಷ್ಟಕದಲ್ಲಿದೆ. ಭಾರತದ ತೆರಿಗೆ ಪದ್ಧತಿ ಗೊತ್ತಿಲ್ಲದ ಪರದೇಶದ ಅಧಿಕಾರಿ ಮೊದಲ ಪುಟದ ಅಂಕಿ ನೋಡಿ ಪಕ್ಕಕ್ಕಿಡುತ್ತಾನೆ. ಅರ್ಧಕ್ಕಿಂತ ಹೆಚ್ಚು ತೋರಿಸಲು ಕಾನೂನಿನ ಅಡ್ಡಿಯಿಲ್ಲ ಎನ್ನುತ್ತಾರೆ. ನಿಜ. ವೀಸಾಕ್ಕಾಗಿ ಹೆಚ್ಚು ತೆರಿಗೆ ಕಟ್ಟು ಎಂದಾಯಿತು ಅಷ್ಟೆ.

ನನ್ನ ಪರವಾಗಿ ಬರೆದುಕೊಟ್ಟವರು ನಮ್ಮ ಆಡಿಟರು ಒಬ್ಬರೇ. ಇನ್‌ವಾಯ್ಸು, ಬ್ಯಾಂಕ್ ಸ್ಟೇಟ್‌ಮೆಂಟು ಎಲ್ಲ ಪಕ್ಕಪಕ್ಕ ಇಟ್ಟು ತಾಳೆ ನೋಡಿ, ಆಡಿಟರುಗಳ ಪ್ರಮಾಣಪತ್ರಕ್ಕೆ ಇರುವ ಯುಡಿಐಎನ್ ಎಂಬ ಗುರುತಿನ ಸಂಖ್ಯೆ ಹಾಕಿ, ಪ್ರಮಾಣಪತ್ರ ಕೊಟ್ಟರು. ಅದು ಖಾಸಗಿ ಕಾಗದ. ಅದಕ್ಕೆ ಅಪೊಸ್ಟಿಲ್ ಬೇಕೆಂದರೆ ಮೊದಲು ನೋಟರಿಯೋ ವಾಣಿಜ್ಯ ಮಂಡಳಿಯೋ ಸಹಿ ಮಾಡಬೇಕು.

ಅಪೊಸ್ಟಿಲ್ ಎಂದೆ. 1961ರ ಹೇಗ್ ಒಪ್ಪಂದದಂತೆ ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ಒಪ್ಪಲು ಹಾಕುವ ಮೊಹರು ಅದು. ಭಾರತದ ಮಟ್ಟಿಗೆ ಆ ಒಪ್ಪಂದ ಜಾರಿಗೆ ಬಂದದ್ದು 2005ರಲ್ಲಿ. ವಿದೇಶಾಂಗ ಸಚಿವಾಲಯದ ಶುಲ್ಕ 50 ರೂಪಾಯಿ. ಆದರೆ ಪದವಿ ಪ್ರಮಾಣಪತ್ರ ಅಲ್ಲಿಗೆ ಹೋಗುವ ಮುಂಚೆ ರಾಜ್ಯದಲ್ಲಿ ದೃಢೀಕರಣವಾಗಬೇಕು. ಶಿವಮೊಗ್ಗ, ರಾಯಚೂರು, ಕಾರವಾರದವರು ಇದಕ್ಕಾಗಿ ಬೆಂಗಳೂರಿಗೆ ಓಡಾಡುವ ಬದಲು ಏಜೆಂಟರ ಕೈಗೆ ಮೂಲ ಪ್ರಮಾಣಪತ್ರವನ್ನೇ ಕೊಟ್ಟು ದೇವರ ಮೇಲೆ ಭಾರ ಹಾಕುತ್ತಾರೆ. ಅವರಿಗೆ ಕೊಡುವ ದುಡ್ಡಿನಲ್ಲಿ ಐವತ್ತು ರೂಪಾಯಿ ಎಲ್ಲಿದೆಯೆಂದು ಹುಡುಕಬೇಕು. ಮುಂದೆ ಇವೆಲ್ಲ ಸ್ಪ್ಯಾನಿಷ್ ಭಾಷೆಗೆ ಹೋಗಬೇಕು, ಅನುವಾದಕರು ಸ್ಪೇನಿನ ವಿದೇಶಾಂಗ ಇಲಾಖೆ ಮಾನ್ಯ ಮಾಡಿದವರೇ ಆಗಿರಬೇಕು. ಈ ನಡುವೆ 500 ರೂಪಾಯಿ ಕಟ್ಟಿ ಪಡೆದ ಪೊಲೀಸ್ ಕ್ಲಿಯರೆನ್ಸ್ ಸಂತೆಯಿಂದ ತಂದ ಸೊಪ್ಪಿನ ಹಾಗೆ ಬಾಡುತ್ತಿರುತ್ತದೆ. ಒಂದು ಕಾಗದ ಸಿದ್ಧವಾಗುವ ಹೊತ್ತಿಗೆ ಇನ್ನೊಂದು ಹಳತು.

ಹೆಸರಿನ ಗೋಳು ನಮ್ಮ ಕಡೆಯವರಿಗೇ ಮೀಸಲು. ನಮಗೆ ಸರ್‌ನೇಮ್ ಇಲ್ಲ, ಇರುವುದು ಇನಿಷಿಯಲ್. ಮಾರ್ಕ್ಸ್ ಕಾರ್ಡಿನಲ್ಲಿ ಊರಿನ ಮತ್ತು ಅಪ್ಪನ ಹೆಸರಿನ ಎರಡು ಅಕ್ಷರ, ಪ್ಯಾನ್ ಕಾರ್ಡಿನಲ್ಲಿ ಅಪ್ಪನ ಪೂರ್ತಿ ಹೆಸರು, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಸ್ಪೇನಿನ ಅರ್ಜಿಯಲ್ಲಿ ಒಂದು ಸಾಲದೆಂದು ಎರಡು ಸರ್‌ನೇಮ್‌ಗೆ ಜಾಗವಿದೆ! ಮೂರೂ ಹೆಸರು ಒಬ್ಬನದೇ ಎಂದು ಅಫಿಡವಿಟ್ ಮಾಡಿಸಿ, ಅದಕ್ಕೂ ನೋಟರಿ, ಅದಕ್ಕೂ ಅಪೊಸ್ಟಿಲ್, ಅದಕ್ಕೂ ಅನುವಾದ.

ಲಕ್ಷಾಂತರ ರೂಪಾಯಿ ದುಡಿದು ವಿದೇಶಕ್ಕೆ ಹೋಗುವವನ ಗೋಳು ನಮಗೇಕೆ ಎಂದು ತಮಗನ್ನಿಸಬಹುದು. ಸ್ಪೇನನ್ನು ಮರೆತುಬಿಡಿ. ಮನೆ ಸಾಲಕ್ಕೆ ಹೋದರೂ ಮೊದಲು ಕೇಳುವುದು ಸ್ಯಾಲರಿ ಸ್ಲಿಪ್. ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಲು ಹೋದರೂ "ಯಾವ ಕಂಪನಿ?" ಎನ್ನುತ್ತಾರೆ. ಭಾಷಾಂತರ ಮಾಡುವವರು, ವಿನ್ಯಾಸ ಮಾಡುವವರು, ಆನ್‌ಲೈನಿನಲ್ಲಿ ಪಾಠ ಹೇಳುವವರು, ಎಲ್ಲರಿಗೂ ಇದೇ ಪಾಡು. ಹಾಗೆಂದು ಸರ್ಕಾರಕ್ಕೆ ಮನಸ್ಸಿಲ್ಲವೆಂದೂ ನಾನು ಹೇಳಲಾರೆ. ಊಟ ತಲುಪಿಸುವ, ಕ್ಯಾಬ್ ಓಡಿಸುವ ಗಿಗ್ ಕಾರ್ಮಿಕರಿಗಾಗಿ ಇದೇ ಕರ್ನಾಟಕ 2025ರಲ್ಲಿ ಕಾಯ್ದೆ ತಂದಿತು. ಧಣಿ ಯಾರೆಂದು ಬೊಟ್ಟು ಮಾಡಿ ತೋರಿಸಲಾಗದ ದುಡಿಮೆಯನ್ನೂ ದಾಖಲೆಗೆ ತರಬಹುದೆಂದು ಆಗ ಒಪ್ಪಿದವರು ತಾವೇ.

ನಾನು ಕೇಳುತ್ತಿರುವುದಕ್ಕೆ ಹೊಸ ಇಲಾಖೆ ಬೇಡ, ಅನುದಾನವೂ ಬೇಡ. ವೃತ್ತಿ ತೆರಿಗೆಯ ನೋಂದಣಿ ಪತ್ರದಲ್ಲಿ ಇಂಥವರು ಇಂಥ ವೃತ್ತಿಯನ್ನು ಇಂಥ ವರ್ಷದಿಂದ ಸ್ವತಂತ್ರವಾಗಿ ನಡೆಸುತ್ತಿದ್ದಾರೆ ಎಂಬ ಒಂದು ಸಾಲು, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ, ಕ್ಯೂಆರ್ ಕೋಡ್ ಸಮೇತ ಬರಲಿ. ಇದು ರಾಜ್ಯದ ಕೈಯಲ್ಲೇ ಇದೆ. ಆದಾಯ ತೆರಿಗೆ ಇಲಾಖೆ ಸ್ವೀಕೃತಿ ಪತ್ರದ ಮೊದಲ ಪುಟದಲ್ಲೇ ಒಟ್ಟು ಆದಾಯದ ಪಕ್ಕದಲ್ಲಿ ಒಟ್ಟು ಸ್ವೀಕೃತ ಮೊತ್ತವನ್ನೂ ನಮೂದಿಸಲಿ. ಈ ಎರಡಕ್ಕೂ ನೋಟರಿ, ಏಜೆಂಟರ ಹಂಗಿಲ್ಲದೆ ಆನ್‌ಲೈನಿನಲ್ಲೇ ಅಪೊಸ್ಟಿಲ್ ಸಿಗುವಂತಾಗಲಿ. ಪದವಿ ದೃಢೀಕರಣ ಜಿಲ್ಲಾ ಕೇಂದ್ರದಲ್ಲೇ ಮುಗಿಯಲಿ. ಹೆಸರಿನ ವಿಷಯದಲ್ಲಿ ತಕ್ಷಣಕ್ಕೆ ಏನೂ ಆಗದೆಂದು ನನಗೂ ಗೊತ್ತು, ಅದನ್ನು ಬರೆದದ್ದು ತಮ್ಮ ಮಾಹಿತಿಗೆ.

ಇವುಗಳಲ್ಲಿ ಮೊದಲನೆಯದನ್ನು ಮುಂದಿನ ವರ್ಷದ ವೃತ್ತಿ ತೆರಿಗೆ ಕಟ್ಟುವ ಹೊತ್ತಿಗಾದರೂ ಜಾರಿಗೆ ತರಬೇಕೆಂದು ಕೋರುತ್ತೇನೆ. ಇದನ್ನು ಓದುವ ಸ್ವತಂತ್ರ ದುಡಿಮೆಗಾರರಲ್ಲೂ ಒಂದು ವಿನಂತಿ: ನಿಮ್ಮ ಊರಿನ ವೃತ್ತಿ ತೆರಿಗೆ ಕಚೇರಿಗೆ ಇದೇ ಬೇಡಿಕೆಯ ಒಂದು ಅರ್ಜಿ ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬನ್ನಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಫ್ರೀಲಾನ್ಸ್ ಸಾಫ್ಟ್‌ವೇರ್ ಕೆಲಸಗಾರ
ಶಿವಮೊಗ್ಗ