ಮೆಟ್ಟಿಲು ಹತ್ತಲಾರದವನಿಗೆ ನ್ಯಾಯವೆಲ್ಲಿ?

ನ್ಯಾಯ ಕೇಳಲು ಹೊರಟವನನ್ನು ನಮ್ಮ ಜನ ‘ಕೋರ್ಟಿನ ಮೆಟ್ಟಿಲು ಹತ್ತಿದ’ ಎನ್ನುತ್ತಾರೆ. ಪಿಂಚಣಿಗಾಗಿ ಅಲೆದವನನ್ನು ‘ಕಚೇರಿಯ ಮೆಟ್ಟಿಲು ಸವೆಸಿದ’ ಎನ್ನುತ್ತಾರೆ. ಮೆಟ್ಟಿಲನ್ನೇ ಹತ್ತಲಾರದವನು ಏನು ಮಾಡಬೇಕು? ಊರುಗೋಲಿನವನು, ಗಾಲಿಕುರ್ಚಿಯವಳು, ಕಣ್ಣು ಕಾಣದವನು, ಮಂಡಿ ಹಿಡಿದುಕೊಂಡ ಮುದುಕಿ, ಇವರ ಪಾಲಿಗೆ ಸರಕಾರದ ಬಾಗಿಲು ತೆರೆದಿದ್ದರೂ ಮುಚ್ಚಿದಂತೆಯೇ ಸರಿ.

2011ರ ಜನಗಣತಿಯಲ್ಲಿ ದೇಶದ ಅಂಗವಿಕಲರ ಸಂಖ್ಯೆ 2 ಕೋಟಿ 68 ಲಕ್ಷ. ಕರ್ನಾಟಕ ಒಂದರಲ್ಲೇ 13 ಲಕ್ಷ 24 ಸಾವಿರ. ಇವರನ್ನು ಕನಿಕರದಿಂದ ನೋಡುವವರು ಬಹಳ ಮಂದಿ. ಡಿಸೆಂಬರ್ 3ರಂದು ಹಾರ ಹಾಕಿ, ಭಾಷಣ ಮಾಡಿ, ಹಣ್ಣು ಹಂಚುವ ಮುಖಂಡರಿಗೂ ಕೊರತೆಯಿಲ್ಲ. ಹಣ್ಣು ಬೇಡ, ದಾರಿ ಬೇಕು ಎನ್ನುವವರ ಮಾತು ಮಾತ್ರ ಯಾರ ಕಿವಿಗೂ ಬೀಳುವುದಿಲ್ಲ.

ಗಿರಣಿ ಕಾಮಗಾರರು ಇದು ಬೇರೆ ಯಾರದೋ ಸಂಗತಿಯೆಂದು ತಿಳಿಯಬಾರದು. ಯಂತ್ರಕ್ಕೆ ಬೆರಳು ಕೊಟ್ಟವರು, ಮಗ್ಗದ ಸದ್ದಿಗೆ ಕಿವಿ ಕಳೆದುಕೊಂಡವರು ನಮ್ಮ ಕೇರಿಗಳಲ್ಲಿಯೇ ಇದ್ದಾರೆ. 1923ರ ಕಾಮಗಾರರ ಪರಿಹಾರ ಕಾಯಿದೆಯ ಪಟ್ಟಿಯಲ್ಲಿ, ಹೆಬ್ಬೆರಳು ಹೋದರೆ ದುಡಿಯುವ ಶಕ್ತಿ ನೂರಕ್ಕೆ 30ರಷ್ಟು ಹೋಯಿತೆಂದು ಬರೆಯಲಾಗಿತ್ತು. ಕಾಮಗಾರನ ಒಂದೊಂದು ಅಂಗಕ್ಕೂ ಲೆಕ್ಕ ಹಾಕಿದ ಆಳುವವರು, ಪರಿಹಾರದ ಅರ್ಜಿ ಹಿಡಿದು ಅವನು ಹತ್ತಬೇಕಾದ ಮೆಟ್ಟಿಲುಗಳ ಲೆಕ್ಕವನ್ನು ಹಾಕಲೇ ಇಲ್ಲ.

ಕಾಯಿದೆ ಇಲ್ಲವೆಂದು ಯಾರೂ ಹೇಳುವಂತಿಲ್ಲ. 1995ರಲ್ಲಿ ಒಂದು ಕಾಯಿದೆ ಬಂದಿತು. ಆದರೆ ರಸ್ತೆ, ಕಟ್ಟಡ, ವಾಹನಗಳ ವಿಷಯದಲ್ಲಿ ‘ಆರ್ಥಿಕ ಶಕ್ತಿಯ ಮಿತಿಯೊಳಗೆ’ ಎಂಬ ಮಾತು ಸೇರಿಸಿ ನುಣುಚಿಕೊಳ್ಳಲು ಕಿಂಡಿ ಬಿಟ್ಟಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 2017ರ ಏಪ್ರಿಲ್ 19ರಿಂದ ಜಾರಿಗೆ ಬಂದಿತು. ಇದರ 44ನೆಯ ಕಲಮಿನ ಪ್ರಕಾರ ನಿಯಮಕ್ಕೆ ಹೊಂದದ ನಕ್ಷೆಗೆ ಪರವಾನಗಿ ಕೊಡುವಂತಿಲ್ಲ, ಹೊಂದದ ಕಟ್ಟಡಕ್ಕೆ ಮುಕ್ತಾಯದ ಪತ್ರ ಕೊಡುವಂತಿಲ್ಲ. 45ನೆಯ ಕಲಮು ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು, ನಿಯಮ ಪ್ರಕಟವಾದ ದಿನದಿಂದ ಐದು ವರ್ಷದ ಗಡುವು ಇಟ್ಟಿತು. ನಿಯಮಗಳು ಪ್ರಕಟವಾದದ್ದು 2017ರ ಜೂನ್ 15ರಂದು. ಐದು ವರ್ಷ ತುಂಬಿದ್ದು 2022ರ ಜೂನಿನಲ್ಲಿ. ಗಡುವು ಮುಗಿಯಿತು, ಮೆಟ್ಟಿಲು ಇದ್ದಲ್ಲಿಯೇ ಇವೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಲ್ಲಿ ಸರಿಯಾಗಿ ಒಪ್ಪುತ್ತದೆ. ಪಾರ್ಲಿಮೆಂಟು ‘ಮಾಡಲೇಬೇಕು’ ಎಂದಿತು. ಕೇಂದ್ರ ಸರಕಾರ ರಚಿಸಿದ 15ನೆಯ ನಿಯಮ ‘ಹೀಗಿದ್ದರೆ ಒಳ್ಳೆಯದು’ ಎನ್ನುವ ಸಲಹೆಗಳ ಕಡೆ ಬೆರಳು ತೋರಿಸಿತು. ಸಲಹೆಯನ್ನು ಮೀರಿದವನಿಗೆ ಶಿಕ್ಷೆಯೆಲ್ಲಿಯದು? ದೃಷ್ಟಿಹೀನರಾದ ರಾಜೀವ್ ರತೂರಿ ಎಂಬವರು 2005ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಆ ಮೊಕದ್ದಮೆಯಲ್ಲಿ ಕೋರ್ಟು 2024ರ ನವೆಂಬರ್ 8ರಂದು ಈ ನಿಯಮ ಮೂಲ ಕಾಯಿದೆಗೇ ವಿರುದ್ಧವೆಂದು ತೀರ್ಪಿತ್ತಿತು. ಕಡ್ಡಾಯವಾದ ನಿಯಮಗಳನ್ನು ಮೂರು ತಿಂಗಳೊಳಗೆ ರಚಿಸಬೇಕೆಂದು ಆಜ್ಞೆ ಮಾಡಿತು. ಒಬ್ಬ ಪ್ರಜೆ ಹತ್ತೊಂಬತ್ತು ವರ್ಷ ಕಾದ ಮೇಲೆ ಸಿಕ್ಕಿದ್ದು ಇಷ್ಟು.

ಕಾಯಿದೆ ಮಾಡಿ ನಿಯಮವನ್ನು ತಡೆಹಿಡಿಯುವ ಆಟ ಬೇರೆ ದೇಶಗಳಲ್ಲೂ ನಡೆದಿದೆ. ಅಮೆರಿಕದಲ್ಲಿ 1973ರ ಕಾಯಿದೆಯ 504ನೆಯ ಕಲಮಿನ ನಿಯಮಗಳಿಗೆ ಮೂರೂವರೆ ವರ್ಷ ಕಳೆದರೂ ಸಹಿ ಬೀಳಲಿಲ್ಲ. 1977ರ ಏಪ್ರಿಲಿನಲ್ಲಿ ನೂರಕ್ಕೂ ಹೆಚ್ಚು ಅಂಗವಿಕಲರು ಸ್ಯಾನ್‌ಫ್ರಾನ್ಸಿಸ್ಕೋದ ಸರಕಾರಿ ಕಟ್ಟಡದೊಳಗೆ ಧರಣಿ ಕುಳಿತರು. ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಅವರಿಗೆ ಬಿಸಿ ಊಟ ಹೊತ್ತು ತಂದರು. ಯಂತ್ರ ಕಾರ್ಮಿಕರ ಸಂಘ ವಾಷಿಂಗ್ಟನ್ನಿನಲ್ಲಿ ಅವರ ನಿಯೋಗಕ್ಕೆ ಲಾರಿ ಒದಗಿಸಿತು. ಏಪ್ರಿಲ್ 28ರಂದು ಸಹಿ ಬಿತ್ತು. ಕಾರ್ಮಿಕ ಸಂಘಗಳು ಇಂಥ ಹೋರಾಟದ ಪಕ್ಕದಲ್ಲಿ ನಿಂತರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಕಿಲ್ಲ.

ಕೆಲವು ಕಚೇರಿಗಳಲ್ಲಿ ಇಳಿಜಾರು ದಾರಿ ಕಟ್ಟಿ ಬಿಲ್ಲು ಪಡೆದಿದ್ದಾರೆ. ಅದನ್ನೂ ಅಳೆದು ನೋಡೋಣ. ಮಾನದಂಡ ಒಂದಕ್ಕೆ ಹನ್ನೆರಡು: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಎರಡು ಅಡಿ ಎತ್ತರದ ಜಗಲಿಗೆ ಇಪ್ಪತ್ತನಾಲ್ಕು ಅಡಿ ಬೇಕು. ಕಂಟ್ರಾಕ್ಟರು ಆರು ಅಡಿಯಲ್ಲಿ ಮುಗಿಸಿದರೆ ಅದು ದಾರಿಯಲ್ಲ, ಜಾರುಬಂಡೆ. ಕೈ ಹಿಡಿಯಲು ಕಂಬಿಯಿಲ್ಲ, ದಾರಿಯ ಬಾಯಲ್ಲಿ ಸ್ಕೂಟರುಗಳು, ಅಂಗವಿಕಲರ ಶೌಚಾಲಯದಲ್ಲಿ ಹಳೆಯ ಕಡತಗಳು! ಈ ಲೆಕ್ಕ ನಾಲ್ಕನೆಯ ತರಗತಿಯ ಹುಡುಗನಿಗೆ ಬರುತ್ತದೆ, ಇಂಜಿನಿಯರಿಗೆ ಬರುವುದಿಲ್ಲವೇ?

ವ್ಯಾಪಾರಿ ಬಂಧುಗಳಿಗೂ ಒಂದು ಮಾತು. ಕಾಯಿದೆಯ ‘ಸಾರ್ವಜನಿಕ ಕಟ್ಟಡ’ ಎಂಬ ಮಾತಿನಲ್ಲಿ ಖಾಸಗಿ ಅಂಗಡಿಯೂ, ಕೆಲಸದ ಜಾಗವೂ ಸೇರಿವೆ. ಕಾಯಿದೆ ಮೀರಿದರೆ ಮೊದಲ ಸಲಕ್ಕೆ 10 ಸಾವಿರ ರೂಪಾಯಿಯವರೆಗೆ ದಂಡ, ಮತ್ತೆ ಮೀರಿದರೆ 50 ಸಾವಿರದಿಂದ 5 ಲಕ್ಷದವರೆಗೆ. ಹತ್ತು ಸಾವಿರ ಕಿರಾಣಿ ಅಂಗಡಿಯವನಿಗೆ ತಿಂಗಳ ಲಾಭ, ದೊಡ್ಡ ಕಂಪನಿಗೆ ಒಂದು ಹೊತ್ತಿನ ಚಹಾ ಖರ್ಚು. ಇದು ಬಡ ಅಂಗಡಿಯವನನ್ನು ಹೆದರಿಸಿ ಮಾಮೂಲು ಎತ್ತುವ ದಾರಿಯಾಗಬಾರದೆಂದು ನಾವು ಒತ್ತಿ ಹೇಳುತ್ತೇವೆ. ಮೊದಲು ಸರಕಾರದ ಕಚೇರಿ, ಆಸ್ಪತ್ರೆ, ಬಸ್ ನಿಲ್ದಾಣ, ಬ್ಯಾಂಕುಗಳು ಸರಿಯಾಗಲಿ. ಚಿಕ್ಕ ಅಂಗಡಿಗಳ ಮುಂದಿನ ಚರಂಡಿಗೆ ಸರಿಯಾದ ಚಪ್ಪಡಿ, ಸಮನಾದ ಕಾಲುದಾರಿ ಹಾಕುವುದು ಪುರಸಭೆಯ ಹೊಣೆ. ಹೊಸ್ತಿಲಿಗೊಂದು ಇಳಿಜಾರು ಹಲಗೆ ಇಡುವುದು ಅಂಗಡಿಯವನ ಹೊಣೆ. ಅದರಿಂದ ಬರುವ ಗಿರಾಕಿ ಅವನಿಗೇ ಲಾಭ.

‘ಹಣವಿಲ್ಲ’ ಎಂಬ ಹಳೆಯ ರಾಗ ಮತ್ತೆ ಕೇಳಿಬರುತ್ತದೆ. ಹೊಸ ಕಟ್ಟಡದ ನಕ್ಷೆಯಲ್ಲಿ ಮೊದಲೇ ಸೇರಿಸಿದರೆ ಖರ್ಚು ಅಲ್ಪ. ಕಟ್ಟಿ ಮುಗಿಸಿ ಮತ್ತೆ ಒಡೆಯುವುದೇ ದುಬಾರಿ. ಉದ್ಘಾಟನೆಯ ಕಲ್ಲಿಗೆ ಹಣ ಸಿಗುವಾಗ ಕಂಬಿಗೆ ಸಿಗದೆ?

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. ಪ್ರತಿಯೊಂದು ಪುರಸಭೆಯೂ ತನ್ನ ಊರಿನ ಸಾರ್ವಜನಿಕ ಕಟ್ಟಡಗಳ ಪಟ್ಟಿ ಮಾಡಿ, ಯಾವುದು ಸರಿಯಿದೆ, ಯಾವುದು ಇಲ್ಲ ಎಂದು ಫಲಕದಲ್ಲಿ ಪ್ರಕಟಿಸಲಿ. ತಪಾಸಣೆಗೆ ಊರಿನ ಅಂಗವಿಕಲರನ್ನೇ ಕರೆಯಲಿ. ಅವರು ಒಪ್ಪದೆ ಕಂಟ್ರಾಕ್ಟರನಿಗೆ ಬಿಲ್ಲು ಕೊಡಬಾರದು. ಕಾಯಿದೆಯ ಪ್ರಕಾರ ಪ್ರತಿ ಸರಕಾರಿ ಸಂಸ್ಥೆಯಲ್ಲೂ ಇರಬೇಕಾದ ದೂರು ಅಧಿಕಾರಿಯ ಹೆಸರು ಬಾಗಿಲಲ್ಲಿ ಕಾಣಲಿ. ಗಿರಣಿ ಮಾಲೀಕರು ಕ್ಯಾಂಟೀನು, ಶೌಚಾಲಯ, ಸಂಬಳದ ಕಿಟಕಿಗಳಿಗೆ ದಾರಿ ಮಾಡಲಿ.

ಸಂಘದ ಸದಸ್ಯರು ಒಂದು ಅಳತೆ ಪಟ್ಟಿ ಹಿಡಿದು ಈ ವಾರವೇ ಹೊರಡಲಿ. ಎತ್ತರ ಎಷ್ಟು, ಉದ್ದ ಎಷ್ಟು, ಬಾಗಿಲ ಅಗಲ ಎಷ್ಟು ಎಂದು ಬರೆದು ಪುರಸಭೆಗೂ, ಉತ್ತರ ಬಾರದಿದ್ದರೆ ಬೆಂಗಳೂರಿನ ಅಂಗವಿಕಲರ ಆಯುಕ್ತರಿಗೂ ಕಳುಹಿಸಲಿ. ಆಯುಕ್ತರಿಗೆ ಅಧಿಕಾರಿಗಳನ್ನು ಕರೆಸಿ ಕೇಳುವ ಅಧಿಕಾರವಿದೆ. ಕೆಳಗೆ ನಿಂತವನು ಮೇಲೆ ಬರಲಾರದಿದ್ದರೆ, ಮೇಲೆ ಕುಳಿತವರನ್ನು ಕೆಳಗಿಳಿಸಿ ಉತ್ತರ ಕೇಳುವುದೇ ಪ್ರಜಾಪ್ರಭುತ್ವ.